ಮೇಷ್ಟ್ರು ಹೇಳಿಕೊಟ್ಟ ಕ್ರಿಯಾಪದ

ಇಂಗ್ಲಿಷಿನಲ್ಲಿ ಟೀಚ್ ಎಲ್ಲಿ ಬರುತ್ತದೆ, ಲರ್ನ್ ಎಲ್ಲಿ, ಲೆಂಡ್ ಯಾವುದು, ಬಾರೋ ಯಾವುದು ಎಂಬುದು ಮಹಾಲಿಂಗ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಮನೆಪಾಠಕ್ಕೆ ಬಂದ ಮಕ್ಕಳು ಏಕೆ ಎಂದು ಕೇಳಿದರೆ ಬೆತ್ತ ಮೇಲೇಳುತ್ತಿತ್ತು.

ಹರವೆ ಕಡೆಯ ನಿಂಗಯ್ಯನ ಮಗಳು ಭಾಗ್ಯ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ತೊಂಬತ್ತನಾಲ್ಕರ ಅಕ್ಟೋಬರಿನದು ಮೂರನೆಯ ಸಲ.

"ಪಾಸಾದ್ರೆ ಗುಂಡ್ಲುಪೇಟೆ ಕಾಲೇಜ್ಗೆ ಓಗ್ಲಿ ಸಾ. ಇಲ್ದಿದ್ರೆ ನಮ್ ಬಾಮೈದ ರಂಗಸ್ವಾಮಿಗೇ ಕೊಟ್ಬುಡದು," ಎಂದಿದ್ದ ನಿಂಗಯ್ಯ. ರಂಗಸ್ವಾಮಿಗೆ ನಲವತ್ತು. ಹೆಂಡತಿ ಸತ್ತು ವರ್ಷವಾಗಿತ್ತು, ಇಬ್ಬರು ಮಕ್ಕಳು.

ಇಂಗ್ಲಿಷ್ ಗೈಡಿನಲ್ಲಿ ಬಿಟ್ಟ ಸ್ಥಳ ತುಂಬುವ ಐದು ವಾಕ್ಯ, ಪ್ರತಿಯೊಂದರ ಪಕ್ಕ ಆರಿಸಿಕೊಳ್ಳಲು ಎರಡೆರಡು ಕ್ರಿಯಾಪದ. ಉತ್ತರ ಹಿಂದಿನ ಪುಟದಲ್ಲಿ. ಮೇಷ್ಟ್ರು ಅದನ್ನು ನೋಡಿ ಸರಿಯಾದದ್ದು ಮೊದಲನೆಯದೋ ಎರಡನೆಯದೋ ಎಂದಷ್ಟೇ ಬಾಯಿಪಾಠ ಮಾಡಿಸಿದರು. ಪ್ರತಿ ವರ್ಷ ಅವೇ ವಾಕ್ಯಗಳು ಬರುತ್ತವೆ, ಅಷ್ಟು ಸಾಕು ಎಂಬುದು ಅವರ ಲೆಕ್ಕ.

ಪರೀಕ್ಷೆ ಮುಗಿಸಿ ಭಾಗ್ಯ ಚಾಮರಾಜನಗರದ ಬಸ್ಸಿಳಿದು ನೇರ ಅವರ ಮನೆಗೇ ಬಂದಳು. "ಐದೂ ಬಂದಿದ್ದೊ ಸಾ! ನೀವ್ ಏಳ್ಕೊಟ್ಟಂಗೇ ಬರ್ದೆ," ಎಂದು ಪ್ರಶ್ನೆಪತ್ರಿಕೆ ಕೊಟ್ಟು ಹೋದಳು.

ಮೇಷ್ಟ್ರು ಗೈಡನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರು. ವಾಕ್ಯಗಳು ಅವೇ. ಪದಗಳೂ ಅವೇ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಜೋಡಿಯ ಮೊದಲ ಪದವನ್ನು ಎರಡನೆಯದಾಗಿ, ಎರಡನೆಯದನ್ನು ಮೊದಲಾಗಿ ಹಾಕಿದ್ದರು. ಐದಕ್ಕೆ ಐದೂ ತಪ್ಪು.

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಪಾಸಾಗಲು ಭಾಗ್ಯಳಿಗೆ ಎರಡು ಅಂಕ ಕಡಿಮೆ.

ಹದಿನೈದು ದಿನಕ್ಕೆ ನಿಂಗಯ್ಯ ಲಗ್ನಪತ್ರಿಕೆ ಹಿಡಿದು ಬಂದ. ಮೇಷ್ಟ್ರ ಕಾಲಿಗೆ ಬೀಳಲಿ ಎಂದು ಮಗಳನ್ನೂ ಕರೆತಂದಿದ್ದ. "ಇವಳ್ ತಲೇಲಿ ಬರೀ ಮಣ್ಣು ಸಾ. ನೀವಾದ್ರೂ ಏನ್ ಮಾಡೀರಿ?"

ಕಾಲಿಗೆ ಬಿದ್ದೆದ್ದ ಭಾಗ್ಯ ಮೆಲ್ಲಗೆ ಕೇಳಿದಳು: "ಸಾ, ಆ ಐದೂ ಸರಿ ಇದ್ದೊ ಅಲ್ವಾ?"

ನಿಜ ಹೇಳಿಬಿಡಬೇಕೆಂದೇ ಮೇಷ್ಟ್ರು ಬಾಯಿ ತೆರೆದರು. ನಿಂಗಯ್ಯ ನಂಬಿಕೆಯಿಂದ ಅವರ ಮುಖವನ್ನೇ ನೋಡುತ್ತಿದ್ದ. ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ.

"ನಿನ್ನ ಕೋಳಿಕಾಲಿನ ಬರಹ ನೋಡಿ ಯಾವನಮ್ಮಿ ಮಾರ್ಕ್ಸ್ ಕೊಡ್ತಾನೆ? ನನ್ನೇ ಕೇಳಕ್ಕೆ ಬಂದ್ಬುಟ್ಳು!"

ನಿಂಗಯ್ಯ ಮಗಳ ತಲೆಗೊಂದು ಮೊಟಕಿದ. "ತಪ್ಪಾಯ್ತು ಬುಡಿ ಸಾ. ಮದ್ವೆಗೆ ತಪ್ಪದಂಗೆ ಬನ್ನಿ."

ಭಾಗ್ಯ ಲಗ್ನಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು ಅಪ್ಪನಿಗಿಂತ ಮೊದಲೇ ಜಗಲಿ ಇಳಿದಳು.