ತೊರೆಯಾಚೆ ಹೋದ ಗೋರಿಗಳು

ಡ್ಯಾರಲ್‌ನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಕೊಲ್ಲಿ ದೇಶದಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತಮೂರನೇ ಮಹಡಿಯಲ್ಲಿ ಆರು ವರ್ಷದಿಂದ ಅಕ್ಕಪಕ್ಕದ ಕುರ್ಚಿ ನಮ್ಮದು. ಅವನು ಎಸಿಯನ್ನು ಹದಿನೆಂಟಕ್ಕೆ ಇಳಿಸುತ್ತಾನೆ, ನಾನು ಇಪ್ಪತ್ತನಾಲ್ಕಕ್ಕೆ ಏರಿಸುತ್ತೇನೆ. ಅವನು ಪ್ಯಾಂಟ್ರಿಯ ಮೈಕ್ರೋವೇವ್‌ನಲ್ಲಿ ಬಂಗುಡೆ ಸಾರು ಬಿಸಿ ಮಾಡಿದ ದಿನ ನಾನು ಮೊಸರನ್ನದ ಡಬ್ಬಿ ಹಿಡಿದು ಕೆಳಗಿನ ಕೆರೆಯ ದಂಡೆಗೆ ಹೋಗುತ್ತೇನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಮೊದಲ ಮೂರು ವರ್ಷ ಇಷ್ಟೆಲ್ಲ ಇದ್ದರೂ ನಾಲ್ಕು ಗಂಟೆಯ ಚಹಾ ಜೊತೆಗೇ ಕುಡಿಯುತ್ತಿದ್ದೆವು. ಆಮೇಲೆ ಒಂದು ದಿನ ಅವನು ಅದನ್ನೂ ನಿಲ್ಲಿಸಿದ. ಶಾಮಣ್ಣ ಎನ್ನುತ್ತಿದ್ದವನು ಶಾಮಸುಂದರ್ ಎನ್ನತೊಡಗಿದ. ಯಾಕೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮಂಗಳೂರಿನವರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದುಕೊಂಡು ಸುಮ್ಮನಾದೆ.

ನಮ್ಮದು ಇಂಗ್ಲೆಂಡಿನ ಊರುಗಳ ನಕಾಶೆ ಮಾಡುವ ಕೆಲಸ. ಅಲ್ಲಿಂದ ಹಳೆಯ ನಕಾಶೆಗಳ ಸ್ಕ್ಯಾನ್ ಬರುತ್ತದೆ. ನಾವು ಅವುಗಳ ಮೇಲೆ ಹೊಸ ಗೆರೆ ಎಳೆದು, ಊರಿನ ಚರಿತ್ರೆ ಭೂಗೋಳವನ್ನು ಹತ್ತು ಪುಟ ಬರೆದು ವಾಪಸು ಕಳಿಸುತ್ತೇವೆ. ಗೆರೆ ಎಳೆಯುವವನು ನಾನು, ತಾಳೆ ನೋಡುವವನು ಡ್ಯಾರಲ್. ಹಳೆಯ ನಕಾಶೆಯ ಮೇಲೆ ನನಗೆ ಅನುಮಾನ ಬಂದರೆ ಅಲ್ಲೊಂದು ಕೆಂಪು ಬಾವುಟ ಹಾಕಿ ಕಾರಣ ಬರೆಯಬೇಕು. ಅವನು ಓದಿ, ಸರಿ ಎನಿಸಿದರೆ ಓಕೆ ಒತ್ತಬೇಕು, ಇಲ್ಲದಿದ್ದರೆ ನನಗೇ ತಿರುಗಿ ಕಳಿಸಬೇಕು.

ಈ ವರ್ಷ ಕೆಲಸ ಕಡಿಮೆಯಾಯಿತು. ಬ್ರಾಮ್ಲೋ ಎಂಬ ಊರು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರೇ ಸಾಕು ಎಂದು ಮ್ಯಾನೇಜರ್ ಭವ್ಯಶ್ರೀ ಮೇಡಂ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡೇ ಹೇಳಿದರು. ನನ್ನ ಮಗಳು ಚಂದು ಹತ್ತನೇ ತರಗತಿ. ಪರೀಕ್ಷೆ ಮುಗಿಯುವುದು ಮಾರ್ಚಿಗೆ. ನನ್ನ ಕೆಲಸ ಹೋದರೆ ನನ್ನ ವೀಸಾ ಹೋಗುತ್ತದೆ, ನನ್ನದು ಹೋದರೆ ಅವಳದೂ ಅವಳಮ್ಮನದೂ. ನಡುವರ್ಷದಲ್ಲಿ ಹುಡುಗಿಯನ್ನು ಶಾಲೆಯಿಂದ ಕಿತ್ತುಕೊಂಡು ಎಲ್ಲಿಗೆ ಹೋಗಲಿ? ಡ್ಯಾರಲ್‌ಗೆ ಏನು ಕಷ್ಟ, ಹೆಂಡತಿ ಅಲಿಶಾ ಅಬುಧಾಬಿಯಲ್ಲಿ ನರ್ಸು, ಅವಳ ವೀಸಾದ ಮೇಲೆ ಕೂತಿರಬಹುದು. ಹೀಗೆಂದು ನಾನು ದಿನಕ್ಕೆ ಹತ್ತು ಸಲ ಲೆಕ್ಕ ಹಾಕುತ್ತಿದ್ದೆ. ನನಗೆ ಮಾರ್ಚ್ ಬೇಕಿತ್ತು, ಬೇರೇನೂ ಬೇಡವಾಗಿತ್ತು.

ಬ್ರಾಮ್ಲೋವನ್ನು ನಾನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಆದರೆ ಅಲ್ಲಿ ನನ್ನನ್ನು ಕಣ್ಣು ಕಟ್ಟಿ ಬಿಟ್ಟರೂ ನಡೆದೇನು. ಅದೊಂದು ಟೌನ್‌ಷಿಪ್. ಟೌನ್‌ಷಿಪ್ ಅಂದರೆ ಇಲ್ಲಿಯ ರುವೈಸಿನಲ್ಲಿ ತೈಲ ಕಂಪನಿ ಕಟ್ಟಿಸಿಕೊಟ್ಟ ಕ್ವಾರ್ಟರ್ಸ್ ಥರದ್ದಲ್ಲ. ದೊಡ್ಡದೊಂದು ಚರ್ಚಿನ ಸರಹದ್ದನ್ನು ಆಡಳಿತದ ಅನುಕೂಲಕ್ಕೆ ಕತ್ತರಿಸಿದ ತುಂಡು, ನಮ್ಮ ಹೋಬಳಿ ಇದ್ದ ಹಾಗೆ. ಉತ್ತರಕ್ಕೆ ಮರವಿಲ್ಲದ ಬೋಳು ಗುಡ್ಡ, ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ರೈಲು ಹಳಿ, ದಕ್ಷಿಣಕ್ಕೊಂದು ಬಡಕಲು ತೊರೆ. ಮೊದಲು ಜೌಗು ನೆಲ, ಕುರಿ. ಆಮೇಲೆ ಮನೆಮನೆಯಲ್ಲೂ ಮಗ್ಗ. ಆಮೇಲೆ ಹತ್ತಿ ಗಿರಣಿ ಬಂದು ಮಗ್ಗ ನುಂಗಿತು, ರೈಲು ಬಂದು ಕಾಲುವೆ ನುಂಗಿತು, ಕೊನೆಗೆ ಪಕ್ಕದ ಮಹಾನಗರ ಬಂದು ಊರನ್ನೇ ನುಂಗಿತು. ಸಾಲುಸಾಲು ಜೋಡಿ ಮನೆಗಳು ಎದ್ದವು, ಗಿರಣಿಯಲ್ಲಿ ಈಗ ಸೋಫಾ ಮಾರುತ್ತಾರೆ. ನಗರದೊಳಗೆ ಕರಗಿ ತೊಂಬತ್ತು ವರ್ಷವಾದರೂ ಅಲ್ಲಿಯವರು ತಾವು ಆ ನಗರದವರಲ್ಲ, ಬ್ರಾಮ್ಲೋದವರು ಎಂದೇ ವಾದಿಸುತ್ತಾರೆ. ಜುಟ್ಟಿಗೆ ಮಲ್ಲಿಗೆ ಹೂವು ಕೇಳುವ ಜನ.

ತಪ್ಪು ನಡೆದದ್ದು ಚರ್ಚಿನ ಹತ್ತಿರ. ಸಾವಿರದ ಎಂಟುನೂರ ನಲವತ್ತೆಂಟರ ನಕಾಶೆಯಲ್ಲಿ ಚರ್ಚಿಗೂ ಶಾಲೆಗೂ ನಡುವೆ ಒಂದು ಚೌಕ, ಅದರೊಳಗೆ ಮಸುಕಾದ ಶಿಲುಬೆಗಳು. ಇತ್ತೀಚಿನವೂ ಸೇರಿ ಗೋರಿಗಳು ಒಟ್ಟು ಇನ್ನೂರ ಹನ್ನೆರಡು ಎಂದು ಜೊತೆಗೆ ಬಂದ ಹೆಸರುಗಳ ಪಟ್ಟಿಯಲ್ಲಿತ್ತು. ಊರ ನಟ್ಟನಡುವೆ, ಮಕ್ಕಳು ಆಡುವ ಶಾಲೆಯ ಗೋಡೆಗೆ ತಾಗಿ, ಯಾರಾದರೂ ಹೆಣ ಹೂಳುತ್ತಾರೆಯೇ? ನಂಜನಗೂಡಿನ ಕಡೆ ಹುಟ್ಟಿ ಬೆಳೆದವನು ನಾನು. ಸ್ಮಶಾನ ಅಂದರೆ ಊರಾಚೆ, ದಕ್ಷಿಣಕ್ಕೆ, ನೀರಿನ ಪಕ್ಕ. ಇದನ್ನು ನನಗೆ ಯಾರೂ ಕಲಿಸಿಲ್ಲ, ಊಟದ ಕೈ ಯಾವುದು ಎಂದು ಯಾರೂ ಕಲಿಸದ ಹಾಗೆ. ಹಾಳೆಯ ಆ ಜಾಗದಲ್ಲಿ ಮಡಿಕೆ ಬೇರೆ ಬಿದ್ದಿತ್ತು. ಹಳೆಯ ನಕಾಶೆಯವನು ಕಣ್ಣು ತಪ್ಪಿ ಬರೆದಿದ್ದಾನೆ ಎಂದುಕೊಂಡು ಇನ್ನೂರ ಹನ್ನೆರಡು ಗೋರಿಗಳನ್ನೂ ಒಟ್ಟಿಗೆ ಎಳೆದು ತೊರೆಯಾಚೆಯ ಖಾಲಿ ಜಾಗಕ್ಕೆ ಹಾಕಿದೆ. ಬಾವುಟ ಹಾಕಿ ಕಾರಣವನ್ನೂ ಬರೆದೆ. ಅಷ್ಟಕ್ಕೇ ಬಿಡದೆ, ಈ ಊರಿನವರು ಶುಚಿತ್ವಕ್ಕೆ ಬೆಲೆ ಕೊಟ್ಟು ತಮ್ಮ ಸತ್ತವರನ್ನು ತೊರೆಯಾಚೆ ಹೂಳುತ್ತಿದ್ದರು ಎಂದು ಚರಿತ್ರೆಯ ಪುಟದಲ್ಲೂ ಸೇರಿಸಿದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

ಡ್ಯಾರಲ್ ಓಕೆ ಒತ್ತಿದ.

ಅಲ್ಲಿಯವರು ಮುಖಪುಟ ಮಾತ್ರ ನೋಡಿ ಒಪ್ಪಿಕೊಂಡರು, ನಕಾಶೆ ಅವರ ವೆಬ್‌ಸೈಟ್‌ಗೂ ಬಸ್ ಸ್ಟಾಪಿನ ಫಲಕಕ್ಕೂ ಏರಿತು. ನವೆಂಬರ್ ಎರಡನೇ ವಾರ ಭವ್ಯಶ್ರೀ ಮೇಡಂ ನಮ್ಮನ್ನು ಕರೆದು ಒಂದು ಪತ್ರ ಓದಿದರು. ಬ್ರಾಮ್ಲೋದ ಎಂಬತ್ತೊಂದು ವರ್ಷದ ಮುದುಕಿಯೊಬ್ಬಳದು. ‘ತೊರೆಯಾಚೆಯ ಜಾಗದಲ್ಲಿ ನಾವು ಆಲೂಗಡ್ಡೆ ಬೆಳೆಯುತ್ತೇವೆ. ನಿಮ್ಮ ನಕಾಶೆಯ ಪ್ರಕಾರ ನನ್ನ ತಾಯಿಯೂ ನಾಲ್ಕು ತಿಂಗಳ ತಮ್ಮನೂ ಅದರ ಅಡಿಯಲ್ಲಿದ್ದಾರೆ. ಹಾಗಾದರೆ ಅರವತ್ತು ವರ್ಷದಿಂದ ಪ್ರತಿ ಭಾನುವಾರ ಚರ್ಚಿನ ಅಂಗಳದಲ್ಲಿ ನಾನು ಹೂವಿಡುತ್ತಿರುವುದು ಯಾರಿಗೆ?’

ಮೇಡಂ ಕಾಗದ ಕೆಳಗಿಟ್ಟರು. ಅವರು ಉಡುಪಿಯವರು, ದನಿ ಏರಿಸಿದವರೇ ಅಲ್ಲ.

"ನೋಡಿ, ನಂಗೆ ಕತೆ ಬೇಡ. ಗುರುವಾರ ಬೆಳಿಗ್ಗೆ ಒಬ್ಬೊಬ್ರು ಒಂದು ಪುಟ ಬರ್ದು ಕೊಡಿ. ಯಾರು ಮಾಡಿದ್ದು, ಯಾಕೆ ಮಾಡಿದ್ದು. ಹೇಗಿದ್ರೂ ಒಬ್ರು ಹೋಗ್ಲಿಕ್ಕೇ ಉಂಟಲ್ಲ. ಯಾರು ಅಂತ ಅದ್ರಲ್ಲೇ ಗೊತ್ತಾಗ್ತದೆ. ಖಲಾಸ್."

ಹೊರಗೆ ಬಂದವನೇ ಪ್ಯಾಂಟ್ರಿಯಲ್ಲಿ ಡ್ಯಾರಲ್‌ನನ್ನು ಹಿಡಿದೆ. ಅವನು ಲೋಟ ತೊಳೆಯುತ್ತಿದ್ದ.

"ನಿಮ್ ಚರ್ಚಲ್ಲಿ ಎಲ್ಲಿ ಹೂಳ್ತಾರೆ ಅಂತ ನಿಂಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೂ ಗೊತ್ತಿದ್ದೂ ಓಕೆ ಒತ್ತಿದ್ಯಲ್ಲಯ್ಯಾ!"

"ಹೌದು. ಗೊತ್ತಿತ್ತು."

ಅಷ್ಟು ಸಲೀಸಾಗಿ ಒಪ್ಪುತ್ತಾನೆ ಎಂದು ನಾನು ಎಣಿಸಿರಲಿಲ್ಲ.

"ಮತ್ತೆ? ನನ್ನ ಹೊಂಡಕ್ಕೆ ತಳ್ಬೇಕು ಅಂತಾನೇ ಕಾಯ್ತಿದ್ಯಾ? ನನ್ ಮಗಳ ಪರೀಕ್ಷೆ ಅಂತ ಗೊತ್ತು ನಿಂಗೆ."

ಅವನು ನಲ್ಲಿ ನಿಲ್ಲಿಸಿದ. "ನಿಮಗೆ ಗೊತ್ತಿರ್ಲಿಲ್ವಾ ಮಾರಾಯ್ರೆ? ಮೂರು ವರ್ಷದ ಹಿಂದೆ ನನ್ನ ಪಪ್ಪ ತೀರಿಹೋದ್ರು. ಊರಿಂದ ಬಂದು ಎಲ್ಲರಿಗೂ ಅವರ ನೆನಪಿನ ಕಾರ್ಡ್ ಕೊಟ್ಟೆ. ಒಳಗೆ ಗೋರಿದು ಫೋಟೋ ಉಂಟು. ನೀವು ಬಿಡಿಸಿ ನೋಡಿದ್ರಿ. ಎಂತ ಹೇಳಿದ್ರಿ, ನೆನಪುಂಟಾ?"

ಲೋಟ ಒರೆಸುತ್ತಾ ಅವನೇ ಹೇಳಿದ.

"‘ಛೆ, ಸ್ಕೂಲ್ ಪಕ್ಕದಲ್ಲೇ ಹೂತಿದ್ದೀರಲ್ಲೋ, ಮಕ್ಕಳು ಹೆದ್ರೋದಿಲ್ವಾ’ ಅಂದ್ರಿ. ಇಲ್ಲ ಶಾಮಣ್ಣ, ನಮ್ಮಲ್ಲಿ ಚರ್ಚಿನ ಅಂಗಳದಲ್ಲೇ, ನಾನು ಆಡಿದ್ದು ಅಲ್ಲೇ ಅಂತ ನಾನು ಹೇಳ್ತಾ ಇದ್ದೆ. ನೀವು ಕಾರ್ಡ್ ಮೇಜಿನ ಮೇಲಿಟ್ಟು, ಇಲ್ಲಿಗೆ ಬಂದು, ಇದೇ ಬೇಸಿನ್‌ನಲ್ಲಿ ಕೈ ತೊಳ್ಕೊಂಡ್ರಿ. ಸೋಪು ಹಾಕಿ."

"ಅದು... ನಮ್ಮಲ್ಲಿ ಹಾಗೇ ಕಣಯ್ಯಾ. ಸೂತಕದ್ದು ಮುಟ್ಟಿದ್ರೆ..."

"ನನ್ನ ಪಪ್ಪನ ಫೋಟೋ ಅದು." ಅವನು ಲೋಟ ಕುಕ್ಕಿ ಇಟ್ಟ. "ಒಮ್ಮೆ ಹೇಳಿ ಆಗಿದೆ ನಿಮಗೆ. ಎರಡನೇ ಸಲ ಯಾಕೆ ಹೇಳ್ಬೇಕು? ಕೆಂಪು ಬಾವುಟದಲ್ಲಿ ನೀವು ಬರ್ದದ್ದು ನೋಡಿದೆ, ‘ಜನವಸತಿಯ ನಡುವೆ ಹೂಳುವುದು ಅಸಂಭವ’ ಅಂತ. ಅಸಂಭವ! ಸಿಟ್ಟು ಬಂತು, ಓಕೆ ಒತ್ತಿದೆ. ಬರೀರಿ ಹೋಗಿ."

ಸಿಟ್ಟು ನನಗೂ ಬಂತು. ಮೂರು ವರ್ಷದ ಹಿಂದೆ ಕೈ ತೊಳೆದದ್ದನ್ನು ಕಟ್ಟಿಟ್ಟುಕೊಂಡು ಕೂತವನು ಮನುಷ್ಯನೇ? ಬಾಯಲ್ಲಿ ಒಂದು ಮಾತು ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು.

ಆ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ನನ್ನ ಹೆಂಡತಿ ಮಾನಸ ಸೊಪ್ಪು ಬಿಡಿಸುತ್ತಾ ಕೇಳಿದಳು, "ಏನಂತ ಬರೀತೀರಿ?"

"ಇದ್ದದ್ದು. ತಾಳೆ ನೋಡೋನು ಅವನು. ಅವನ ಜವಾಬ್ದಾರಿ."

ಪುಸ್ತಕದಿಂದ ತಲೆಯೆತ್ತದೆ ಚಂದು ಅಂದಳು, "ಬಟ್ ಅಪ್ಪಾ, ಯೂ ಮೂವ್ಡ್ ದೆಮ್, ರೈಟ್?"

"ನೀನು ಓದ್ಕೋ" ಎಂದು ಗದರಿದೆ. ಅವಳಿಗಾಗಿ ಇದನ್ನೆಲ್ಲ ಮಾಡುತ್ತಾ ಅವಳನ್ನೇ ಗದರಿದ್ದು ನನಗೇ ಹಿತವಾಗಲಿಲ್ಲ. ಆದರೂ ಬರೆದೆ. ನನ್ನದು ತಿಳಿವಳಿಕೆಯ ಕೊರತೆ, ನಾನು ಬೇರೆ ಧರ್ಮದವನು, ಈ ಪದ್ಧತಿ ನನ್ನ ಕಿವಿಗೂ ಬಿದ್ದಿರಲಿಲ್ಲ ಎಂದು ಬರೆದೆ. ತಾಳೆ ನೋಡಿದವರು ಅದೇ ಧರ್ಮದವರಾಗಿದ್ದು, ಎಲ್ಲ ಗೊತ್ತಿದ್ದೂ ದುರುದ್ದೇಶದಿಂದ ಒಪ್ಪಿಗೆ ಕೊಟ್ಟಿದ್ದಾರೆ ಎಂದೂ ಬರೆದೆ. ಕೋಲೂ ಮುರಿಯದೆ ಹಾವೂ ಸಾಯುವ ಹಾಗೆ ವಾಕ್ಯಗಳನ್ನು ಮೂರು ಸಲ ತಿದ್ದಿದೆ. ಕೈ ತೊಳೆದದ್ದನ್ನು ಬರೆಯಲಿಲ್ಲ.

ಗುರುವಾರ ಮೇಡಂ ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡರು. ಡ್ಯಾರಲ್‌ನದು ಒಂದೇ ಸಾಲು: ‘ತಪ್ಪು ಕಂಡಿತ್ತು, ಆದರೂ ನಾನು ಓಕೆ ಒತ್ತಿದೆ.’ ಕೈ ತೊಳೆದದ್ದು ಅದರಲ್ಲೂ ಇರಲಿಲ್ಲ. ನನಗೆ ಅದು ಅರ್ಥವಾಗಲಿಲ್ಲ. ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಏನೋ.

ಮೇಡಂ ನನ್ನ ಕಡೆ ತಿರುಗಿದರು. "ಶಾಮಸುಂದರ್, ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ? ಯಾರೂ ಹೇಳಿರ್ಲಿಲ್ವಾ?"

ಡ್ಯಾರಲ್ ಕಿಟಕಿಯಾಚೆ ನೋಡುತ್ತಿದ್ದ. ಅವನು ಬಾಯಿ ತೆರೆಯುತ್ತಾನೆ ಎಂದು ಕಾದೆ. ತೆರೆಯಲಿಲ್ಲ.

"ಇಲ್ಲ ಮೇಡಂ" ಎಂದೆ.

ಮಧ್ಯಾಹ್ನಕ್ಕೆಲ್ಲ ಅವನು ತನ್ನ ಲೋಟ, ಚಾರ್ಜರ್, ಹೆಂಡತಿಯ ಫೋಟೋ ಒಂದು ಚೀಲಕ್ಕೆ ಹಾಕಿಕೊಂಡ. ಹೋಗುವಾಗ ನನ್ನ ಕುರ್ಚಿಯ ಹಿಂದೆ ಒಂದು ಕ್ಷಣ ನಿಂತ. ಬೈಯಲಿ ಎಂದು ನಾನು ಬೆನ್ನು ಗಟ್ಟಿ ಮಾಡಿಕೊಂಡೆ. "ಮಗಳಿಗೆ ಪರೀಕ್ಷೆ ಚೆನ್ನಾಗಿ ಬರೀಲಿಕ್ಕೆ ಹೇಳಿ" ಎಂದು ಹೊರಟುಹೋದ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಹೊಟ್ಟೆಗೆ ಹಾಕಿಕೊಂಡು ಹೋದನೋ, ಚುಚ್ಚಿ ಹೋದನೋ, ಇವತ್ತಿಗೂ ತಿಳಿದಿಲ್ಲ.

ಗೋರಿಗಳನ್ನು ವಾಪಸು ತರುವ ಕೆಲಸ ನನ್ನ ಪಾಲಿಗೆ ಬಂತು. ಈ ಸಲ ಒಟ್ಟಿಗೆ ಎಳೆಯುವ ಹಾಗಿಲ್ಲ, ಒಂದೊಂದನ್ನೂ ಹೆಸರು ನೋಡಿ ಅದರದರ ಸಾಲಿಗೆ ಇಡಬೇಕು ಎಂದು ಮೇಡಂ ಹೇಳಿದ್ದರು. ನೇಕಾರರು, ಗಿರಣಿಯ ಹೆಂಗಸರು, ಕಾಲುವೆಗೆ ಬಿದ್ದು ಸತ್ತ ಇಬ್ಬರು ಅಣ್ಣತಮ್ಮಂದಿರು. ನೂರ ಅರವತ್ತನೆಯದರ ಹೊತ್ತಿಗೆ ಅಕ್ಷರ ಕಾಣದಾಗಿ, ಭೂತಗನ್ನಡಿ ಹುಡುಕಲು ಕೆಳಗಿನ ಡ್ರಾಯರ್ ಎಳೆದೆ. ಪಿಜ್ಜಾ ಅಂಗಡಿಗಳ ಚೀಟಿಗಳ ಅಡಿಯಲ್ಲಿ ಆ ಕಾರ್ಡು ಸಿಕ್ಕಿತು. ಸತ್ತವರ ಫೋಟೋ ಮನೆಗೆ ಒಯ್ಯಬಾರದೆಂದು ಅಂದು ನಾನೇ ಅಲ್ಲಿ ತುರುಕಿದ್ದೆ.

ಮೇಲೆ ದಪ್ಪ ಮೀಸೆಯ ಮುದುಕ, ಡ್ಯಾರಲ್‌ನದೇ ಮೂಗು. ಬಿಡಿಸಿದೆ. ಹೂವು ಹೊದ್ದ ಗೋರಿ, ಹಿಂದೆ ಬಿಳಿ ಚರ್ಚು, ಪಕ್ಕದಲ್ಲಿ ಶಾಲೆಯ ಹೆಂಚಿನ ಮಾಡು, ಗೋಡೆಯ ಮೇಲೆ ಕೂತ ಮೂವರು ಮಕ್ಕಳು. ಬ್ರಾಮ್ಲೋದ ಆ ಚೌಕ ಇದ್ದ ಹಾಗೆಯೇ. ಹಿಂದಿನ ಬಿಳಿ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ನನ್ನದೇ ಕೈಬರಹ: ‘ಜಲೀಲ್, ಸ್ಕೂಲ್ ಬಸ್’, ಅದರ ಕೆಳಗೆ ಫೋನ್ ನಂಬರ್. ಚಂದುವಿನ ಬಸ್ ಡ್ರೈವರ್. ಮಗಳ ಶಾಲೆಯ ನಂಬರನ್ನು ನಾನು ಇನ್ನೊಬ್ಬನ ಅಪ್ಪನ ಬೆನ್ನ ಮೇಲೆ ಗೀಚಿಕೊಂಡಿದ್ದೆ, ಅಂದರೆ ಕೈ ತೊಳೆದ ಮೇಲೂ ಆ ಕಾರ್ಡನ್ನು ಮುಟ್ಟಿದ್ದೆ. ಚೀಟಿ ಬೇಕಾದಾಗ ಮೈಲಿಗೆ ಅಡ್ಡ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ತಲೆಯೆತ್ತಿ ನೋಡಿದರೆ ಪಕ್ಕದ ಕುರ್ಚಿ ಖಾಲಿ, ಎಸಿ ಇಪ್ಪತ್ತನಾಲ್ಕರಲ್ಲಿತ್ತು.

ಕಾರ್ಡನ್ನು ಮೇಜಿನ ಮೇಲೆ ನಿಲ್ಲಿಸಿಟ್ಟೆ. ಉಳಿದ ಐವತ್ತೆರಡು ಗೋರಿಗಳನ್ನು ಚರ್ಚಿನ ಅಂಗಳಕ್ಕೆ ತಂದೆ. ಮುದುಕಿಯ ತಾಯಿಯ ಪಕ್ಕ ಆ ನಾಲ್ಕು ತಿಂಗಳ ಕೂಸನ್ನು ಇಟ್ಟೆ. ಶುಚಿತ್ವದ ವಾಕ್ಯ ಅಳಿಸಿದೆ. ತಾಳೆ ನೋಡಿದವರು ಎಂಬ ಖಾನೆ ಒಂದು ಹೆಸರು ಕೇಳಿತು. ಈಗ ಅಲ್ಲಿಗೂ ನನ್ನನ್ನು ಬಿಟ್ಟರೆ ಯಾರೂ ಇಲ್ಲ.

ಮಾರ್ಚಿಗೆ ಇನ್ನು ನಾಲ್ಕು ತಿಂಗಳು. ನನ್ನ ಹೆಸರು ಬರೆದು ಓಕೆ ಒತ್ತಿದೆ.