ಖಾದರ್ ಬಾಷಾ ಅವರ ಹಾಸಿಗೆ ಜಾಹೀರಾತು

ಯಶವಂತಪುರದ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊಗಳ ಮೇಲೆ ಗುಲಾಬಿ ದಳ ಉದುರಿಸಿ ಉದುರಿಸಿ ಬೇಸತ್ತ ದಾಕ್ಷಾಯಣಿ, ಕೆಲಸ ಬಿಟ್ಟು ಕೊಡಿಗೇಹಳ್ಳಿಯ ಮಹಡಿ ಕೋಣೆಯೊಂದರಲ್ಲಿ ಸ್ವಂತ ವಿಡಿಯೊ ಕಂಪನಿ ತೆರೆದಳು. 'ದಾಕ್ಷಾ ಮೀಡಿಯಾ' ಎಂದು ಬೋರ್ಡು ಏರಿತು. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಕಸ ಗುಡಿಸುವುದು ಎಲ್ಲವೂ ಅವಳದೇ. ಹೆಬ್ಬಾಳದಿಂದ ಯಲಹಂಕದವರೆಗೆ ಅಂಗಡಿ ಅಂಗಡಿಗೂ ಕಾರ್ಡು ಹಂಚಿ ಬಂದಳು. ಫೋನು ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ದಾಕ್ಷಾ ಮೀಡಿಯಾ" ಎನ್ನುವಳು. ಆ ಕಡೆಯಿಂದ ಬಾಗಲಕೋಟೆಯ ಅವ್ವ, "ಊಟಾತೇನವಾ?" ಎನ್ನುವಳು.

ತೋರಿಸಲು ಒಂದು ಜಾಹೀರಾತೂ ಇಲ್ಲದವಳಿಗೆ ಯಾರು ಕೆಲಸ ಕೊಟ್ಟಾರು? ಮೊದಲನೆಯದನ್ನು ಪುಕ್ಕಟೆ ಮಾಡಿಕೊಡುವುದಾಗಿ ಹೇಳಿ, ಆರ್.ಟಿ. ನಗರದ ಹಾಸಿಗೆ ಅಂಗಡಿಯ ಖಾದರ್ ಬಾಷಾ ಅವರನ್ನು ಒಪ್ಪಿಸಿದಳು.

ಬಾಷಾ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗಡ್ಡಕ್ಕೆ ಮೆಹಂದಿ ಹಚ್ಚಿ, ಮಗನ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು, ಹತ್ತಿಯ ಇತಿಹಾಸದಿಂದ ಶುರುವಾಗುವ ಭಾಷಣವೊಂದನ್ನು ನಿದ್ದೆಗೆಟ್ಟು ಉರುಹೊಡೆದು ಶೂಟಿಂಗ್ ದಿನ ಅಂಗಡಿಗೆ ಬಂದಿದ್ದರು.

"ಮೇಡಂ, ಒಂದಕ್ಷರಾನೂ ಕಟ್ ಮಾಡ್ಬಾರ್ದು."

"ಆಗ್ಲಿ ಬಾಷಾ ಅವ್ರೇ. ಮೊದ್ಲು ಹಾಸಿಗಿ ಮ್ಯಾಲೆ ಸುಮ್ನ ಮಲ್ಕೊಂಡಂಗ ಮಾಡ್ರಿ, ಬೆಳಕು ನೋಡ್ಕೋತೀನಿ."

ಬಾಷಾ ಮಲಗಿದಂತೆ ಮಾಡಲಿಲ್ಲ, ಮಲಗಿಯೇಬಿಟ್ಟರು. ದಾಕ್ಷಾಯಣಿ ಕ್ಯಾಮೆರಾ ಚಾಲೂ ಮಾಡುವಷ್ಟರಲ್ಲಿ ಗೊರಕೆ ಎದ್ದಿತ್ತು. ಹೊರಗೆ ಬಸ್ಸಿನ ಹಾರನ್ನು, ಸೈಲೆನ್ಸರ್ ಕಿತ್ತುಹೋದ ಸ್ಕೂಟರು. ಅವಳು ಕೂಗಿದಳು. ಕಾಲು ಹಿಡಿದು ಅಲ್ಲಾಡಿಸಿದಳು. "ಹ್ಞೂಂ" ಎಂದು ಅವರು ಮಗ್ಗುಲು ಬದಲಿಸಿದರು.

ಅಷ್ಟರಲ್ಲಿ ಮಗಳ ಬಾಣಂತನಕ್ಕೆ ಹಾಸಿಗೆ ಕೊಳ್ಳಲು ಲಕ್ಕಮ್ಮ ಎಂಬ ಹೆಂಗಸು ಒಳಗೆ ಬಂದರು. ಕೋಟು ತೊಟ್ಟು ಅಂಗಾತ ಬಿದ್ದವರನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಸಾಯೇಬ್ರು ಓಗ್ಬುಟ್ರಾ?"

"ಇಲ್ರೀ ಅಮ್ಮಾರ, ನಿದ್ದಿ ಹತ್ತೈತಿ."

ಲಕ್ಕಮ್ಮ ಬಾಗಿ ಗೊರಕೆ ಆಲಿಸಿದರು. ಹಾಸಿಗೆಯ ಅಂಚನ್ನು ಒತ್ತಿ ನೋಡಿದರು. "ಈ ಪಾಟಿ ಬಸ್ಸಿನ ಆರನ್ನಲ್ಲೂ ಇಂಗೆ ಬಿದ್ಕಂಡವ್ರೆ ಅಂದ್ರೆ ಆಸಿಗೆ ಚೆನ್ನಾಗೇ ಇರ್ಬೇಕು. ಇದ್ನೇ ಕೊಡಮ್ಮ, ಅವ್ರುನ್ನ ಎಬ್ಬಿಸ್ಬುಟ್ಟು."

ಕ್ಯಾಮೆರಾ ಓಡುತ್ತಲೇ ಇತ್ತು. ನಿಮ್ಮನ್ನೂ ವಿಡಿಯೊದಲ್ಲಿ ಹಾಕಿಕೊಳ್ಳಲೇ ಎಂದು ದಾಕ್ಷಾಯಣಿ ಕೇಳಿದರೆ ಲಕ್ಕಮ್ಮ, "ಸೀರೆ ಚೆನ್ನಾಗಿ ಕಾಣ್ತದಾ?" ಎಂದಷ್ಟೇ ವಿಚಾರಿಸಿದರು.

ಮಾರನೆಯ ದಿನ ವಿಡಿಯೊ ನೋಡಿದ ಬಾಷಾ ಅವರ ಮುಖ ಕೆಂಪಗಾಯಿತು. "ನನ್ ಭಾಷಣ ಎಲ್ಲಿ?"

"ನೀವು ಮಾಡ್ಲೇ ಇಲ್ಲಲ್ರೀ."

"ಮರ್ಯಾದೆ ಹೋಗುತ್ತೆ ಮೇಡಂ. ಯಾರಿಗೂ ತೋರಿಸ್ಬೇಡಿ."

ಅಂಗಡಿ ಅವರದು, ಗೊರಕೆ ಅವರದು. ದಾಕ್ಷಾಯಣಿ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಆದರೆ ಜೊತೆಗೆ ಕೂತು ನೋಡಿದ್ದ ಬಾಷಾ ಅವರ ಹೆಂಡತಿ ಆಗಲೇ ವಿಡಿಯೊವನ್ನು ಗಂಡನ ಫೋನಿನಿಂದ ತಮ್ಮ ಫೋನಿಗೆ ಕಳಿಸಿಕೊಂಡಿದ್ದರು. "ಗೊರಕೆ ಹೊಡೆಯಲ್ಲ ಅಂತ ಮದುವೆ ಆದಾಗಿಂದ ವಾದ ಮಾಡ್ತಿದ್ರಲ್ಲ, ಈಗೇನಂತೀರಿ?" ಎಂದವರೇ ಸಾಕ್ಷಿಯನ್ನು ಅಕ್ಕತಂಗಿಯರಿಗೆಲ್ಲ ಹಂಚಿದರು. ಅಲ್ಲಿಂದ ಅದು ಆರ್.ಟಿ. ನಗರ ತುಂಬ ಓಡಾಡಿತು. "ನೀವು ಮಲಗಿದ್ರಲ್ಲ, ಆ ಹಾಸಿಗೆ ತೋರಿಸಿ" ಎಂದು ಗಿರಾಕಿಗಳು ಬರತೊಡಗಿದರು. ಮೊದಮೊದಲು ಗೋಡೌನಿನಲ್ಲಿ ಅಡಗುತ್ತಿದ್ದ ಬಾಷಾ, ಬರಬರುತ್ತ ತಾವೇ ಮಲಗಿ ತೋರಿಸಿ, "ಫೋಟೋ ತಕ್ಕೊಳ್ಳಿ, ಪರವಾಗಿಲ್ಲ" ಎನ್ನುವ ಮಟ್ಟಕ್ಕೆ ಬಂದರು.

ದಾಕ್ಷಾಯಣಿಗೂ ಫೋನುಗಳು ಬಂದವು, ಅವ್ವನವಲ್ಲ. ಎಲ್ಲರಿಗೂ ನಿದ್ದೆಯೇ ಬೇಕು. ಹೆಬ್ಬಾಳದ ಡ್ರೈವಿಂಗ್ ಸ್ಕೂಲಿನವನೊಬ್ಬ ಸ್ಟೀರಿಂಗ್ ಹಿಡಿದೇ ಮಲಗುತ್ತೇನೆಂದ. "ಅದನ್ನ ಪೊಲೀಸ್ರು ಶೂಟ್ ಮಾಡ್ತಾರ್ರೀ" ಎಂದು ಅವನನ್ನು ಸಾಗಹಾಕಿದಳು. ಯಲಹಂಕದ ಫ್ಯಾನ್ ಅಂಗಡಿಯ ನರಸಿಂಹಯ್ಯನವರನ್ನು ಮಾತ್ರ ಒಪ್ಪಿಕೊಂಡಳು.

ನರಸಿಂಹಯ್ಯ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದರು. ಹುರುಪಿಗೆ ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಬಿಗಿಯಾಗಿ ಮುಚ್ಚುವರು, ಒಂದನ್ನು ತೆರೆಯುವರು.

"ಮೇಡಂ, ನಿದ್ದೆ ಬಂದಂಗೆ ಕಾಣ್ತಿದೀನಾ?"

"ಇಲ್ರೀ."

"ಈಗ?"

"ಇಲ್ರೀ."

ಅವರು ಎದ್ದು ಕುಳಿತು, ಫ್ಯಾನಿನತ್ತ ಬೆರಳು ಮಾಡಿ ಬೈಯತೊಡಗಿದರು. "ಇದು ಸದ್ದೇ ಮಾಡಲ್ಲ ಕಣ್ರೀ! ನಮ್ಮನೇಲಿ ಹಳೇ ಫ್ಯಾನಿನ ಗಡಗಡ ಇಲ್ದೆ ನಂಗೆ ನಿದ್ದೆ ಬರಲ್ಲ!"

ದಾಕ್ಷಾಯಣಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಕ್ಯಾಮೆರಾ ಮಾತ್ರ ನಿಲ್ಲಿಸಲಿಲ್ಲ.