ಹೊಳೆ ದಾಟಿದ ಕುಂಬಳಕಾಯಿ

ಅಮ್ಮ ಫೋನಿನಲ್ಲಿ ಹೇಳಿದ್ದಂತೆ ನನ್ನ ಬಟ್ಟೆ ತುಂಬಿದ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಅಮ್ಮ ಬಂದವಳೇ ಮೊದಲು ಅದನ್ನು ನೋಡಿದಳು, ಆಮೇಲೆ ಪ್ಲಾಸ್ಟರ್ ಹಾಕಿದ್ದ ನನ್ನ ಬಲಗೈಯನ್ನು.

"ಪ್ಲಾಸ್ಟರ್ ಬಿಚ್ಚೋವರೆಗೂ ನಮ್ಮನೇಲಿರು. ಇಲ್ಲಿ ನಿನಗೆ ಒಂದು ಲೋಟ ಗಂಜಿ ಕಾಯಿಸಿ ಕೊಡೋರು ಯಾರು? ಅಳಿಯಂದ್ರಿಗೆ ಅಡುಗೆಮನೆ ಯಾವ ದಿಕ್ಕಲ್ಲಿದೆ ಅಂತ ಗೊತ್ತಾ?"

ನನ್ನ ಗಂಡ ಟೈಲರ್. ಬೀದಿಯವರಿಗೆಲ್ಲ ಮಾಸ್ಟ್ರು, ಹಾಗಾಗಿ ನನಗೂ ಮಾಸ್ಟ್ರೇ. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವರ ಹೊಲಿಗೆ ಯಂತ್ರಕ್ಕೂ ನನ್ನ ಒಲೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಒಳಗೆ ಕಾಲಿಟ್ಟದ್ದು ಮಾತ್ರ ಕಡಿಮೆ. ಅಮ್ಮನ ಮಾತಿಗೆ ತಲೆ ತಗ್ಗಿಸಿ ನಿಂತವರು, ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡು ಹೇಳಿದರು:

"ಅತ್ತೆ, ಮಧ್ಯಾಹ್ನದ ಊಟ ನಂದು. ಉಂಡು ನೋಡಿ. ಸರಿಯಿಲ್ಲ ಅಂದ್ರೆ ನಾನೇ ಚೀಲ ಹೊತ್ತು ಕಾರಿಗಿಡ್ತೀನಿ."

ಅಮ್ಮ ಷರತ್ತು ಹಾಕಿದಳು: "ಇವಳು ಒಳಗೆ ಹೋಗಬಾರದು. ಇಲ್ಲಿಂದ ಕೂಗಿ ಹೇಳಿಕೊಡೋದೂ ಇಲ್ಲ."

"ಆಯ್ತು."

ಕಾರು ಓಡಿಸಿಕೊಂಡು ಬಂದಿದ್ದ ಅಕ್ಕನ ಗಂಡ, ನಮ್ಮ ಭಾವ, ಸೋಫಾದಲ್ಲಿ ಕಾಲು ಚಾಚಿದರು. "ದಾರೀಲಿ ಯಾವುದಾದ್ರೂ ಹೋಟೆಲ್ ತೆಗೆದಿರುತ್ತಾ ಅತ್ತೆ?"

ಸ್ವಂತ ಮನೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ, ಅಷ್ಟೇ. ತಾಯಿಮನೆ ಎಷ್ಟು ತಂಪಾಗಿದ್ದರೂ ಅಲ್ಲಿ ನಾನು ಈಗ ನೆಂಟಳು. ಎಡಗೈಯನ್ನು ಎದೆಗೊತ್ತಿಕೊಂಡು ದೇವರನ್ನು ನೆನೆದು, ಗೋಡೆಗೆ ಕಿವಿಗೊಟ್ಟು ಕುಳಿತೆ.

ನಮ್ಮ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಅಜ್ಜಿ ಅಮ್ಮನಿಗೆ, ಅಮ್ಮ ನನಗೆ ಕಲಿಸಿದ್ದು ಭಕ್ತನೊಬ್ಬನ ಕಥೆಯ ಪದ್ಯಗಳ ಲೆಕ್ಕ. ಇಂಥ ಪದ್ಯ ಮುಗಿಯುವಷ್ಟರಲ್ಲಿ ಹಾಲು ಉಕ್ಕಬೇಕು, ಇಂಥದ್ದು ಮುಗಿದರೆ ಅನ್ನ ಬಸಿಯಬೇಕು. ನಾಮಸ್ಮರಣೆಯೂ ಆಯಿತು, ಅಡುಗೆಯೂ ಆಯಿತು. ಹೊಲಿಯುತ್ತ ಹೊಲಿಯುತ್ತ ಮಾಸ್ಟ್ರು ಅದನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡೇ ಕಲಿತಿದ್ದರು. ಕೇಳಿ ಕಲಿತದ್ದು ಕೈಗೆ ಬರುತ್ತದೋ ಇಲ್ಲವೋ, ಅದೇ ಇವತ್ತಿನ ಪರೀಕ್ಷೆ.

ಆರಿಸಿಕೊಂಡದ್ದೂ ಜಾಣತನದ ಅಡುಗೆ. ನೋಡಿದವರು ಬಾಯಿ ಬಿಡಬೇಕು, ಮಾಡುವವರು ಬಾಯಿ ಬಾಯಿ ಬಿಡಬಾರದು. ದುಂಡಗಿನ ಒಂದು ಸಿಹಿಗುಂಬಳ. ಬೆಳಿಗ್ಗೆಯೇ ಅದರ ತಲೆಯ ಸುತ್ತ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೋಪಿಯ ಹಾಗೆ ಕೊಯ್ದು ತೆಗೆದು, ಗೆರೆ ಒರೆಸಿ, ತಿರುಳು ತೋಡಿದ್ದರು. ಒಳಗೆ ಅರೆಬೆಂದ ಅನ್ನ, ಗೋಡಂಬಿ, ದ್ರಾಕ್ಷಿ, ಮೆಣಸು, ತುಪ್ಪ. ಟೋಪಿ ಮುಚ್ಚಿ ದೊಡ್ಡ ಪಾತ್ರೆಯಲ್ಲಿ ಹಬೆಗೆ ಇಡುವುದು. ಪಕ್ಕಕ್ಕೆ ಮೊಸರಿನಲ್ಲಿ ಕಲಸಿದ ಸೌತೆಕಾಯಿ. ಇಷ್ಟೇ. ಆದರೆ ಬೇಯುವುದು ಹೆಚ್ಚಾದರೆ ಕಾಯಿ ಕುಸಿದು ಮುದ್ದೆಯಾಗುತ್ತದೆ, ಮೆರವಣಿಗೆ ಹೊರಡಬೇಕಾದದ್ದು ಚಮಚದಲ್ಲಿ ಹೊರಡುತ್ತದೆ. ಆ ಕಥೆಯಲ್ಲಿ ಭಕ್ತ ಹೊಳೆ ದಾಟುವ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೇಳಿದರೆ ಸರಿಯಾದ ಹದ.

ಒಲೆ ಹೊತ್ತಿದ ಸದ್ದಿನ ಹಿಂದೆಯೇ ಅವರ ಸ್ವರ ಎದ್ದಿತು. ಭಕ್ತ ದಡಕ್ಕೆ ಬಂದ, ಅಂಬಿಗನನ್ನು ಕೂಗಿದ, ದೋಣಿ ಹತ್ತಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಲಿಗೆಯ ಹಾಗೆ ನೇರವಾಗಿ ಓಡುತ್ತಿತ್ತು. ಅಮ್ಮ ಕಣ್ಣು ಮುಚ್ಚಿದಳು. ನಿದ್ದೆ ಅಂದುಕೊಂಡೆ. ನಡುಹೊಳೆಯ ಸುಳಿಗೆ ದೋಣಿ ಸಿಕ್ಕಿದಾಗ ಭಾವ ತೊಡೆ ತಟ್ಟಿದರು.

"ಅಬ್ಬಬ್ಬಾ! ಏನು ಕಂಠ ಮಾಸ್ಟ್ರೇ! ಆ ಸುಳಿ ಇನ್ನೊಂದ್ಸಲ ಬರ್ಲಿ!"

ಆಯಿತು ಕಥೆ. ಇಷ್ಟು ವರ್ಷ ಮಾಸ್ಟ್ರ ಹೊಲಿಗೆಯನ್ನು ಹೊಗಳಿದವರಿದ್ದರು, ಸ್ವರವನ್ನು ಹೊಗಳಿದವರು ಯಾರೂ ಇರಲಿಲ್ಲ. ದೋಣಿ ಹಿಂದಕ್ಕೆ ಹೋಯಿತು. ಸುಳಿ ಮತ್ತೆ ಬಂತು, ಈ ಸಲ ರಾಗವಾಗಿ. ಭಾವ "ಆಹಾ" ಅಂದರು, ಇನ್ನೊಮ್ಮೆ ಬಂತು. ಗಿರಾಕಿ ಎಷ್ಟು ಗೋಗರೆದರೂ ಟೇಪನ್ನು ಎಳೆಯದ ಮನುಷ್ಯ, ಪದ್ಯವನ್ನು ರಬ್ಬರಿನಂತೆ ಎಳೆಯತೊಡಗಿದರು. ತಾವು ಹಾಡುತ್ತಿರುವುದು ಅಳತೆಗೆ ಎಂಬುದೇ ಮರೆತುಹೋಗಿತ್ತು.

ಬೆಂದ ಕುಂಬಳದ ಸಿಹಿವಾಸನೆ ಹಜಾರದವರೆಗೂ ಬಂತು. ಎದ್ದು ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಚೀಲದ ಕಡೆ ನೋಡಿದೆ. ಸುಳಿಯಲ್ಲಿ ತಿರುಗುತ್ತಿದ್ದದ್ದು ದೋಣಿಯಲ್ಲ, ನಾನು.

ಆಗ ನನ್ನ ಪಕ್ಕದಲ್ಲೇ ಒಂದು ಒಡಕು ಸ್ವರ ಎದ್ದಿತು.

"ದಡವ ಮುಟ್ಟಿತು ದೋಣಿ, ದಣಿವ ಮರೆಯಿತು ತೋಳು..."

ಅಮ್ಮ! ಕಣ್ಣು ಮುಚ್ಚಿಕೊಂಡೇ, ಕೊನೆಯ ಪದ್ಯವನ್ನು ಗೋಡೆ ದಾಟುವಷ್ಟು ಗಟ್ಟಿಯಾಗಿ ಹೇಳಿದಳು. ಒಳಗೆ ರಾಗ ಕತ್ತರಿಸಿದಂತೆ ನಿಂತಿತು. "ಅಯ್ಯೋ!" ಎಂಬ ಸಣ್ಣ ಸ್ವರ. ಟಕ್, ಒಲೆ ಆರಿತು.

ಅಮ್ಮ ಕಣ್ಣು ತೆರೆದಳು. "ಏನು ಹಾಗೆ ನೋಡ್ತೀಯಾ? ಪದ್ಯ ದಾರಿ ತಪ್ಪಿದ್ರೆ ನನಗೆ ಸುಮ್ಮನಿರಕ್ಕಾಗಲ್ಲ."

"ಕೂಗಿ ಹೇಳಿಕೊಡಬಾರದು ಅಂತ ನೀನೇ..."

"ನಿನಗೆ ಹೇಳಿದ್ದು. ನನಗಲ್ಲ."

ಸ್ವಲ್ಪ ಹೊತ್ತಿಗೆ ಮಾಸ್ಟ್ರು ಕುಂಬಳಕಾಯಿ ತಂದರು. ಇಡಿಯಾಗಿ! ಪಾತ್ರೆಯಿಂದ ಎತ್ತುವುದಕ್ಕೆಂದು ದಪ್ಪ ಬಿಳಿ ಬಟ್ಟೆಯಲ್ಲಿ ನಾಲ್ಕು ಹಿಡಿಗಳ ತೊಟ್ಟಿಲೊಂದನ್ನು ಮೊದಲೇ ಹೊಲಿದಿಟ್ಟುಕೊಂಡಿದ್ದರು. ಕಾಯಿ ಅದರಲ್ಲೇ ಕುಳಿತು ಬಂದಿತ್ತು. ಒಂದು ಮಗ್ಗುಲು ಬೆಂದದ್ದು ಹೆಚ್ಚಾಗಿ ತುಸು ವಾಲಿತ್ತು. ಆದರೂ ಬಟ್ಟೆ ಅದನ್ನು ಒಡೆಯಲು ಬಿಟ್ಟಿರಲಿಲ್ಲ. ತಟ್ಟೆಯ ಮೇಲಿಟ್ಟು ಟೋಪಿ ತೆಗೆದರು. ಹಬೆ, ತುಪ್ಪ, ಮೆಣಸು. ಭಾವ ಹೋಟೆಲಿನ ಮಾತು ಮರೆತು ಕುರ್ಚಿ ಎಳೆದುಕೊಂಡರು.

"ಯಾರೋ ಪದ್ಯ ಎಳೆದ್ರಂತಲ್ಲ, ಅದಕ್ಕೇ ವಾಲಿರೋದು," ಎಂದಳು ಅಮ್ಮ.

ಮಾಸ್ಟ್ರ ಕೈ ತಾನಾಗಿಯೇ ಹೆಗಲ ಮೇಲಿನ ಟೇಪಿಗೆ ಹೋಯಿತು.

"ನೋಡಿ ನೋಡಿ!" ಭಾವ ಬಿದ್ದು ಬಿದ್ದು ನಕ್ಕರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು!"

"ಕದಿಸಿದವರು ನೀವು," ಎಂದೆ ನಾನು. "ಸುಮ್ಮನೆ ಉಣ್ಣಿ ಭಾವ."

ಅಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಎರಡನೆಯದನ್ನೂ ಉಂಡಳು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದಳು.

"ಆ ಅಂಚಿನದು ಹಾಕಿ ಅಳಿಯಂದ್ರೇ. ಜಾಸ್ತಿ ಬೆಂದಿರೋ ಕಡೇದು. ಅದೇ ರುಚಿ."

ಮಾಸ್ಟ್ರು ಬಡಿಸಿದರು. ಇವರು ನನ್ನ ಗಂಡ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಅಭ್ಯಾಸವಿಲ್ಲ, ಉಂಡೆ. ಅವರೇ ಬಿಡಿಸಿಕೊಟ್ಟ ತುತ್ತುಗಳನ್ನು ಎಡಗೈಯಲ್ಲಿ ಚಮಚ ಹಿಡಿದು ಉಂಡೆ.

ಊಟವಾದ ಮೇಲೆ ಭಾವ ಬಾಗಿಲ ಬಳಿಯ ಚೀಲಕ್ಕೆ ಕೈ ಹಾಕಿ, "ಅತ್ತೆ, ಇದು?" ಎಂದರು.

ಅಮ್ಮ ಬಟ್ಟೆಯ ತೊಟ್ಟಿಲನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತಿದ್ದಳು. ಹಿಡಿಗಳನ್ನು ಜಗ್ಗಿದಳು. ಒಂದು ನೂಲೂ ಕದಲಲಿಲ್ಲ.

"ನನಗೂ ಇಂಥದ್ದೊಂದು ಹೊಲಿದುಕೊಡಿ ಅಳಿಯಂದ್ರೇ."

"ಅಳತೆ ಅತ್ತೆ?"

"ನಮ್ಮ ದೊಡ್ಡ ಪಾತ್ರೆ ಅಳತೆ ಇವಳಿಗೆ ಗೊತ್ತು, ಕೇಳ್ಕೊಳ್ಳಿ. ಇವಳ ಕೈ ಸರಿಹೋದ್ಮೇಲೆ ಇಬ್ರೂ ತಗೊಂಡು ಬನ್ನಿ." ಚಪ್ಪಲಿ ಮೆಟ್ಟಿ ತಿರುಗಿದಳು. "ಬರೋಷ್ಟ್ರಲ್ಲಿ ಆ ಸುಳಿ ಪದ್ಯಾನ ತಿದ್ದಿಕೊಂಡಿರಿ. ಸ್ವರ ಚೆನ್ನಾಗಿದೆ ಅಂತ ದೋಣಿ ಮುಳುಗಿಸಬಾರದು."